ಮೋಡಕ್ಕೂ ಒಂದು ಊರು

ಶಾಸನಗಳನ್ನು ಪಾಠ ಹೇಳುವವರಿಗೆ ಪಡಿಯಚ್ಚು ಎಂಬ ಮಾತು ಪರಿಚಿತವಾದುದು. ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಬಡಿದು ಅಕ್ಷರದ ಕುಳಿಗಳೊಳಗೆ ಕಾಗದವನ್ನು ಇಳಿಸಿ, ಮೇಲೆ ಮಸಿಯನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಕಲ್ಲು ತನ್ನ ಊರಿನಲ್ಲಿಯೇ ಉಳಿಯುತ್ತದೆ. ಅದರ ಮಾತು ಮಾತ್ರ ಕಾಗದವನ್ನೇರಿ ಬೇರೆ ಊರಿಗೆ ಹೋಗುತ್ತದೆ. ಹೀಗೆ ತಮಿಳುನಾಡಿನ ಸಾವಿರಾರು ಶಾಸನಗಳ ಪಡಿಯಚ್ಚುಗಳು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆ ೧೯೬೬ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಾಗ, ಅದರೊಡನೆ ತಾವೂ ಬಂದವು. ಐವತ್ತೈದು ವರ್ಷಗಳ ತರುವಾಯ, ೨೦೨೧ರ ಆಗಸ್ಟ್ ತಿಂಗಳಲ್ಲಿ, ಮದರಾಸು ಉಚ್ಚ ನ್ಯಾಯಾಲಯದ ಮಧುರೈ ಪೀಠವು ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸತಕ್ಕದ್ದೆಂದು ಆಜ್ಞೆ ಮಾಡಿತು.

ಕಲ್ಲು ಅಲ್ಲಿಯೇ ಇದೆಯಲ್ಲ, ಕಾಗದ ಎಲ್ಲಿದ್ದರೇನು ಎಂದು ಯಾರಿಗಾದರೂ ಅನ್ನಿಸಿದ್ದರೆ ಅದು ಸಹಜವೇ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಓದಬೇಕಾದವನು ಹೋಗುವುದು ಕಲ್ಲಿನ ಬಳಿಗಲ್ಲವಷ್ಟೆ? ಕಾಗದ ಇರುವ ಊರಿಗೆ ಹೋಗಬೇಕು. ಅಲ್ಲಿನ ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರನ್ನು ಕೇಳಬೇಕು. ಅವರು ಬಾಗಿಲು ತೆರೆಯುವ ಹೊತ್ತಿಗೆ ಕಾದಿರಬೇಕು. ಪ್ರತಿ ಯಾರಲ್ಲಿದೆಯೋ ಅಧಿಕಾರವೂ ಬಹುಮಟ್ಟಿಗೆ ಅವರಲ್ಲಿಯೇ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಶ್ಯಾನುಭೋಗರ ಮನೆಯ ಕಡತಕ್ಕೆ ಇದ್ದ ಗೌರವಕ್ಕೂ ಭಯಕ್ಕೂ ಇದೇ ಕಾರಣ. ಜಮೀನು ರೈತನದು, ಆದರೆ ಅದು ಅವನದೆಂದು ಹೇಳುವ ಬರಹ ಇನ್ನೊಬ್ಬರ ಜಗಲಿಯಲ್ಲಿ.

ಈ ವಾರ ಹೇಳಹೊರಟಿರುವ ವಿಷಯ ಶಾಸನವೂ ಅಲ್ಲ, ಶ್ಯಾನುಭೋಗಿಕೆಯೂ ಅಲ್ಲ. ಇವೆರಡರ ಮೊಮ್ಮಗನೆಂದು ಹೇಳಬಹುದಾದ ಒಂದು ಹೊಸ ವ್ಯಾಜ್ಯ. ಗಗನದಲ್ಲಿ ತೇಲುವ ಮೋಡಕ್ಕೆ ಊರಿಲ್ಲ. ಗಣಕಯಂತ್ರದವರು ಕ್ಲೌಡ್ ಎಂದು ಕರೆಯುವ ಮೋಡಕ್ಕೆ ಊರಿದೆ, ಬೀದಿಯಿದೆ, ಬಾಗಿಲಲ್ಲಿ ಕಾವಲುಗಾರನಿದ್ದಾನೆ, ತಿಂಗಳು ತಿಂಗಳೂ ತಪ್ಪದೆ ಬರುವ ವಿದ್ಯುತ್ತಿನ ಬಿಲ್ಲೂ ಇದೆ. ಕಿಟಕಿಗಳಿಲ್ಲದ ದೊಡ್ಡ ಕಟ್ಟಡ. ಒಳಗೆ ಸಾಲುಸಾಲಾಗಿ ಬೀರುಗಳಂತೆ ನಿಂತ ಸರ್ವರುಗಳು. ಅವು ಕಾಯದಂತೆ ಹಗಲಿರುಳು ತಂಪುಗಾಳಿ. ವಿದ್ಯುತ್ತು ಹೋದರೆಂದು ಹಿತ್ತಲಿನಲ್ಲಿ ಡೀಸೆಲ್ ಜನರೇಟರುಗಳು. ನಾವು ಕಳಿಸಿದ ಭಾವಚಿತ್ರ, ಕಟ್ಟಿದ ತೆರಿಗೆಯ ರಸೀತಿ, ಆಸ್ಪತ್ರೆಯ ಚೀಟಿ, ಎಲ್ಲವೂ ಇಂತಹದೊಂದು ಕಟ್ಟಡದ ಯಾವುದೋ ಬೀರುವಿನಲ್ಲಿ ಕುಳಿತಿರುತ್ತದೆ. ಆ ಕಟ್ಟಡ ಯಾವ ದೇಶದಲ್ಲಿರಬೇಕು, ಯಾವ ದೇಶದ ಕಾನೂನು ಅದನ್ನು ಆಳಬೇಕು ಎಂಬ ಪ್ರಶ್ನೆಗೆ ಈಗ ದತ್ತಾಂಶದ ಸಾರ್ವಭೌಮತ್ವವೆಂಬ ಘನವಾದ ಹೆಸರು ಬಂದಿದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಡ್ಡಿಮುರಿದಂತೆ ಉತ್ತರ ಕೊಟ್ಟದ್ದು ರಿಸರ್ವ್ ಬ್ಯಾಂಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಒಬ್ಬಾಕೆ ವಿದೇಶೀ ಸಂಸ್ಥೆಯ ಕಾರ್ಡು ತೋರಿಸಿ ಸೀರೆ ಕೊಂಡರೆ, ಹಣ ಹುಬ್ಬಳ್ಳಿಯ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋದರೂ, ಅದರ ಲೆಕ್ಕ ಸಮುದ್ರದಾಚೆಯ ಯಂತ್ರಗಳಲ್ಲಿ ದಾಖಲಾಗಿ ಅಲ್ಲಿಯೇ ಉಳಿಯುವುದು ಹಿಂದೆ ಸಾಮಾನ್ಯವಾಗಿತ್ತು. ೨೦೧೮ರ ಏಪ್ರಿಲ್ ೬ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಈ ಪದ್ಧತಿಯನ್ನು ನಿಲ್ಲಿಸಿತು. ಪಾವತಿಗೆ ಸಂಬಂಧಿಸಿದ ಸಮಸ್ತ ದತ್ತಾಂಶವೂ ಭಾರತದಲ್ಲಿಯೇ ಇರತಕ್ಕದ್ದು. ಅದಕ್ಕೆ ಆರು ತಿಂಗಳ ಗಡುವು. ಮೇಲ್ವಿಚಾರಣೆ ಮಾಡಬೇಕಾದವನಿಗೆ ಲೆಕ್ಕದ ಪುಸ್ತಕ ಅಡೆತಡೆಯಿಲ್ಲದೆ ಕೈಗೆ ಸಿಕ್ಕಬೇಕು ಎಂಬುದೇ ಅದರ ವಾದ. ಲೆಕ್ಕಾಚಾರವನ್ನು ಹೊರದೇಶದಲ್ಲಿ ಮಾಡಿದರೂ, ಒಂದು ದಿನದೊಳಗೆ ಅಲ್ಲಿಂದ ಅಳಿಸಿ ಇಲ್ಲಿಗೆ ತರಬೇಕೆಂದು ಮರುವರ್ಷ ವಿವರಣೆಯೂ ಬಂತು. ಇಂತಹ ಸುತ್ತೋಲೆಗಳನ್ನು ದೊಡ್ಡ ಸಂಸ್ಥೆಗಳು ಓದಿ ಬದಿಗಿಡುವುದುಂಟು. ಇದನ್ನು ಹಾಗೆ ಇಡಲಾಗಲಿಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಮತ್ತು ಡೈನರ್ಸ್ ಕ್ಲಬ್ಬುಗಳು ೨೦೨೧ರ ಮೇ ಒಂದರಿಂದ, ಮಾಸ್ಟರ್‌ಕಾರ್ಡ್ ಆ ವರ್ಷದ ಜುಲೈ ೨೨ರಿಂದ, ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳಕೂಡದೆಂದು ನಿಷೇಧ ಬಿದ್ದಿತು. ಮಾಸ್ಟರ್‌ಕಾರ್ಡಿನ ಮೇಲಿನ ನಿಷೇಧ ತೆರವಾಗಲು ಸುಮಾರು ಒಂದು ವರ್ಷ ಹಿಡಿಯಿತು.

ಇದರಿಂದ ಇಲ್ಲಿ ಮೋಡದ ಮನೆಗಳು ಹೆಚ್ಚಿದವೇ? ಹೆಚ್ಚಿದವು. ಆದರೆ ಎಲ್ಲವೂ ಕಾನೂನಿನಿಂದಲೇ ಎಂದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಮೈಕ್ರೋಸಾಫ್ಟ್ ಸಂಸ್ಥೆ ಪುಣೆ, ಮುಂಬಯಿ, ಚೆನ್ನೈಗಳಲ್ಲಿ ೨೦೧೫ರಲ್ಲಿಯೇ ನೆಲೆಯೂರಿತ್ತು. ಅಮೆಜಾನ್ ೨೦೧೬ರಲ್ಲಿ, ಗೂಗಲ್ ೨೦೧೭ರಲ್ಲಿ ಮುಂಬಯಿಗೆ ಬಂದವು. ಸುತ್ತೋಲೆ ಹೊರಟದ್ದು ಆಮೇಲೆ. ಅವರನ್ನು ಮೊದಲು ಕರೆತಂದದ್ದು ದೂರ ಮತ್ತು ಜನ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆಂದರೂ, ಪ್ರತಿ ಪ್ರಶ್ನೆಗೂ ಅಮೆರಿಕಕ್ಕೆ ಹೋಗಿಬರುವುದೆಂದರೆ ಯಂತ್ರಕ್ಕೆ ಅದು ದೀರ್ಘ ಪ್ರವಾಸವೇ. ೨೦೧೬ರ ಬಳಿಕ ಫೋನಿನ ದತ್ತಾಂಶ ಅಗ್ಗವಾಗಿ ಕೋಟ್ಯಂತರ ಜನ ಕೇಳುವವರೂ ನೋಡುವವರೂ ಆದರು. ಅಂಗಡಿ ಗಿರಾಕಿಯ ಬಳಿಗೆ ಬರಲೇಬೇಕಾಯಿತು.

ಕಾನೂನು ಮಾಡಿದ ಕೆಲಸ ಇನ್ನೊಂದು ಬಗೆಯದು. ಅದು ಎರಡನೆಯ ಮನೆಯನ್ನು ಕಟ್ಟಿಸಿತು. ಬ್ಯಾಂಕಿನ ಲೆಕ್ಕ ದೇಶದೊಳಗೇ ಇರಬೇಕೆಂದರೆ ಅದರ ಆಪದ್ಧನದಂತಿರುವ ಪ್ರತಿಯೂ ದೇಶದೊಳಗೇ ಇರಬೇಕು. ಮುಂಬಯಿಯಲ್ಲಿ ಪ್ರವಾಹ ಬಂದಾಗ ಸಿಂಗಪುರದ ಪ್ರತಿಯನ್ನು ಆಶ್ರಯಿಸುವಂತಿಲ್ಲ. ಹಾಗಾದರೆ ಮುಂಬಯಿಯಿಂದ ಸಾಕಷ್ಟು ದೂರದಲ್ಲಿ, ಆದರೆ ಭಾರತದಲ್ಲಿಯೇ, ಮತ್ತೊಂದು ಕೇಂದ್ರ ಬೇಕಾಯಿತು. ಗೂಗಲ್ ೨೦೨೧ರಲ್ಲಿ ದೆಹಲಿಯಲ್ಲಿಯೂ ಅಮೆಜಾನ್ ೨೦೨೨ರಲ್ಲಿ ಹೈದರಾಬಾದಿನಲ್ಲಿಯೂ ಎರಡನೆಯ ನೆಲೆಯನ್ನು ತೆರೆದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬಳಿಕ ಇತರ ಇಲಾಖೆಗಳೂ ಅದೇ ದಾರಿ ಹಿಡಿದವು. ಕಂಪೆನಿಗಳ ಲೆಕ್ಕಪತ್ರಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು ೨೦೨೨ರ ತಿದ್ದುಪಡಿ ಹೇಳಿತು. ಷೇರುಪೇಟೆಯ ನಿಯಂತ್ರಕರಾದ ಸೆಬಿ ೨೦೨೩ರ ಮಾರ್ಚಿನಲ್ಲಿ ತನ್ನ ಅಧೀನ ಸಂಸ್ಥೆಗಳ ಕ್ಲೌಡ್ ಬಳಕೆಗೆ ಕಟ್ಟಳೆ ಮಾಡಿತು. ೨೦೨೨ರ ಮುಂಗಡಪತ್ರದಲ್ಲಿ ದತ್ತಾಂಶ ಕೇಂದ್ರಗಳನ್ನು ರಸ್ತೆ, ಬಂದರುಗಳ ಪಂಕ್ತಿಗೆ ಸೇರಿಸಿ, ಮೂಲಸೌಕರ್ಯವೆಂದು ಸಾಲ ಸಿಕ್ಕುವಂತೆ ಮಾಡಿದುದೂ ಸಣ್ಣ ಸಂಗತಿಯಲ್ಲ.

ಎಲ್ಲ ಕಟ್ಟಳೆಯೂ ಮೋಡವನ್ನು ಬೆಳೆಸುತ್ತದೆಂದು ತಿಳಿಯಬಾರದು. ೨೦೨೨ರ ಏಪ್ರಿಲಿನಲ್ಲಿ ಸರ್ಟ್-ಇನ್ ಎಂಬ ಸರಕಾರಿ ರಕ್ಷಣಾ ಸಂಸ್ಥೆ, ಯಾರು ಯಾವಾಗ ಬಂದರು ಹೋದರೆಂಬ ದಾಖಲೆಯನ್ನು ೧೮೦ ದಿನ ಭಾರತದಲ್ಲಿ ಇಟ್ಟಿರಬೇಕೆಂದು ಆಜ್ಞಾಪಿಸಿತು. ದಾಖಲೆಯನ್ನೇ ಇಡುವುದಿಲ್ಲವೆಂದು ಗಿರಾಕಿಗಳಿಗೆ ಮಾತು ಕೊಟ್ಟಿದ್ದ ಕೆಲವು ವಿ.ಪಿ.ಎನ್. ಸಂಸ್ಥೆಗಳು ಇಲ್ಲಿನ ಯಂತ್ರಗಳನ್ನು ಮುಚ್ಚಿಕೊಂಡು ಹೊರಟುಹೋದವು. ಒಂದು ಆಜ್ಞೆ ಕಟ್ಟಡ ಕಟ್ಟಿಸಿತು, ಇನ್ನೊಂದು ಗಂಟುಮೂಟೆ ಕಟ್ಟಿಸಿತು.

ಇನ್ನು ನಮ್ಮ ಬೆಂಗಳೂರಿನ ಮಾತು. ಕ್ಲೌಡಿಗಾಗಿ ಕಾರ್ಯಕ್ರಮ ಬರೆಯುವ ತರುಣರು ಇಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರು ಬರೆದುದು ಓಡುವ ಯಂತ್ರಗಳು ಬಹುಪಾಲು ನವೀ ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಇವೆ. ಅಡುಗೆಯವರು ಇಲ್ಲಿ, ಒಲೆ ಅಲ್ಲಿ. ದೇಶದ ದತ್ತಾಂಶ ಕೇಂದ್ರಗಳ ಸಾಮರ್ಥ್ಯದಲ್ಲಿ ಸುಮಾರು ಅರ್ಧದಷ್ಟು ಮುಂಬಯಿಯ ಸುತ್ತಲೇ ಸೇರಿದೆ. ಸಮುದ್ರದಡಿಯ ತಂತಿಗಳು ದಡ ಹತ್ತುವುದು ಮುಖ್ಯವಾಗಿ ಅಲ್ಲಿಯೂ ಚೆನ್ನೈಯಲ್ಲಿಯೂ. ನಮಗೆ ಸಮುದ್ರವಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಹೈದರಾಬಾದಿಗೂ ಸಮುದ್ರವಿಲ್ಲವೆಂಬುದನ್ನು ಅವರು ಮರೆಯುತ್ತಾರೆ! ಅಲ್ಲಿ ನೆಲ ಸಿಕ್ಕಿತು, ವಿದ್ಯುತ್ತು ಸಿಕ್ಕಿತು, ಸರಕಾರ ಬಾಗಿಲಲ್ಲಿ ನಿಂತು ಕರೆಯಿತು. ಕರ್ನಾಟಕವೂ ೨೦೨೨ರಿಂದ ೨೦೨೭ರ ಅವಧಿಗೆಂದು ದತ್ತಾಂಶ ಕೇಂದ್ರಗಳ ನೀತಿಯೊಂದನ್ನು ಪ್ರಕಟಿಸಿದೆ.

ಆದರೆ ನಾವು ಕೊರಗಬೇಕೇ ಎಂಬುದು ಬೇರೆಯ ಪ್ರಶ್ನೆ. ಈ ಕಟ್ಟಡಗಳು ಬಯಸುವುದು ವಿದ್ಯುತ್ತನ್ನು, ತಂಪಿಗಾಗಿ ಅನೇಕ ಕಡೆ ನೀರನ್ನು. ಕೊಡುವ ಉದ್ಯೋಗ ಅವುಗಳ ಗಾತ್ರಕ್ಕೆ ಹೋಲಿಸಿದರೆ ಸ್ವಲ್ಪ. ಕಟ್ಟುವಾಗ ನೂರಾರು ಜನ, ಕಟ್ಟಿದ ಮೇಲೆ ಕೆಲವೇ ಮಂದಿ. ಬೆಂಗಳೂರು ಕುಡಿಯುವ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತಗ್ಗಿನಿಂದ ದಿಣ್ಣೆಗೆ ಹತ್ತಿ ಬರತಕ್ಕದ್ದು. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಬಾಗಿಲಲ್ಲಿ ಕಾದುದನ್ನು ಕಂಡವರು, ಆ ನೀರಿನಲ್ಲಿ ಯಂತ್ರಕ್ಕೂ ಪಾಲು ಕೊಡುವ ಮೊದಲು ಎರಡು ಬಾರಿ ಯೋಚಿಸುವುದು ತಪ್ಪಲ್ಲ. ಮುಂಬಯಿಗೆ ಹೋದ ಒಲೆ ಅಲ್ಲಿಯೇ ಉರಿಯಲಿ ಎಂದು ನಾನು ಹೇಳಿದರೆ ನಾಡಿನ ಅಭಿಮಾನಿಗಳು ಮುನಿಯಬಹುದು, ಮುನಿಯಲಿ.

ದತ್ತಾಂಶದ ಇತಿಹಾಸದಲ್ಲಿ ಬೆಂಗಳೂರಿಗೆ ಬೇರೆಯೇ ಒಂದು ಸ್ಥಾನವಿದೆ. ಆಧಾರ್‌ನ ದತ್ತಾಂಶ ಕೇಂದ್ರಗಳಲ್ಲಿ ಒಂದು ಇಲ್ಲಿಯೇ ಇದೆ, ಇನ್ನೊಂದು ಹರಿಯಾಣದ ಮಾನೇಸರ್‌ನಲ್ಲಿ. ಅದೇ ಆಧಾರ್ ವಿರುದ್ಧ ೨೦೧೨ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೂ ಈ ಊರಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು. ಖಾಸಗಿತನ ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದುದು ಅವರ ಹೆಸರಿನ ಮೊಕದ್ದಮೆಯಲ್ಲಿ. ೨೦೨೪ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಕಾಲೇಜಿನಲ್ಲಿ ಆ ಹೆಸರನ್ನು ಗುರುತಿಸಿದವರು ಬಹಳ ಮಂದಿ ಇರಲಿಲ್ಲ. ದತ್ತಾಂಶ ಯಾವ ದೇಶದಲ್ಲಿರಬೇಕೆಂಬ ವಾದ ಕಾವೇರಿದ್ದು ಆ ತೀರ್ಪಿನ ಬಳಿಕ. ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ ೨೦೧೮ರ ಕರಡು, ಪ್ರಜೆಗಳ ವೈಯಕ್ತಿಕ ದತ್ತಾಂಶದ ಒಂದು ಪ್ರತಿಯಾದರೂ ಭಾರತದಲ್ಲಿ ಇರಬೇಕೆಂದಿತು. ೨೦೧೯ರ ಮಸೂದೆ ಅದನ್ನು ಸಡಿಲಿಸಿತು. ೨೦೨೨ರಲ್ಲಿ ಮಸೂದೆಯನ್ನೇ ಹಿಂತೆಗೆದುಕೊಂಡರು. ೨೦೨೩ರ ಕಾಯಿದೆ ತಲೆಕೆಳಗು ಮಾಡಿತು: ಹೊರಕ್ಕೆ ಕಳಿಸಬಹುದು, ಆದರೆ ಸರಕಾರ ಬೇಡವೆಂದು ಹೆಸರಿಸಿದ ದೇಶಗಳಿಗೆ ಕಳಿಸಕೂಡದು. ಐದು ವರ್ಷಗಳಲ್ಲಿ ಮೂರು ಸಲ ಮನಸ್ಸು ಬದಲಾಯಿತು. ಹತ್ತಿಪ್ಪತ್ತು ವರ್ಷದ ಲೆಕ್ಕ ಹಾಕಿ ಕಟ್ಟಡ ಕಟ್ಟುವವನಿಗೆ ಕಠಿಣ ಕಾನೂನಿಗಿಂತ ಕಷ್ಟವಾದುದು ಈ ಓಲಾಟ.

ಅತ್ಯಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ಬೀರು ನಮ್ಮ ಮನೆಯಲ್ಲಿದ್ದು ಬೀಗದ ಕೈ ನೆರೆಮನೆಯವರಲ್ಲಿದ್ದರೆ ಅದು ಯಾರ ಬೀರು? ಭಾರತದಲ್ಲಿ ಬೆಳೆದ ಈ ಕೇಂದ್ರಗಳಲ್ಲಿ ದೊಡ್ಡವೆಲ್ಲ ಬಹುಮಟ್ಟಿಗೆ ಅಮೆರಿಕದ ಮೂರು ಸಂಸ್ಥೆಗಳ ಬಳಕೆಯಲ್ಲಿವೆ. ಆ ದೇಶದಲ್ಲಿ ೨೦೧೮ರ ಮಾರ್ಚಿನಲ್ಲಿ ಜಾರಿಯಾದ ಕಾಯಿದೆಯೊಂದಕ್ಕೆ, ಕಾಕತಾಳೀಯವೋ ಕುಚೋದ್ಯವೋ, ಕ್ಲೌಡ್ ಕಾಯಿದೆಯೆಂದೇ ಹೆಸರು. ಡಬ್ಲಿನ್ ನಗರದ ಸರ್ವರಿನಲ್ಲಿದ್ದ ಇ-ಅಂಚೆಯನ್ನು ಅಮೆರಿಕದ ಪೊಲೀಸರು ಕೇಳಬಹುದೇ ಎಂದು ಮೈಕ್ರೋಸಾಫ್ಟ್ ೨೦೧೩ರಿಂದ ನಡೆಸುತ್ತಿದ್ದ ವ್ಯಾಜ್ಯಕ್ಕೆ ಅದು ತೆರೆ ಎಳೆಯಿತು: ಅಮೆರಿಕದ ಕಂಪೆನಿಯ ಕೈಯಲ್ಲಿರುವುದನ್ನು, ಅದು ಭೂಮಿಯ ಯಾವ ಮೂಲೆಯಲ್ಲಿದ್ದರೂ, ಅಮೆರಿಕದ ನ್ಯಾಯಾಲಯ ಕಾನೂನುಬದ್ಧವಾಗಿ ಕೇಳಬಹುದು. ೨೦೨೫ರ ಜೂನಿನಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿಯ ಮುಂದೆ ಆ ಸಂಸ್ಥೆಯ ಅಧಿಕಾರಿಯೊಬ್ಬರು, ಫ್ರೆಂಚರ ದತ್ತಾಂಶ ಎಂದೆಂದಿಗೂ ಅಮೆರಿಕಕ್ಕೆ ಹೋಗದೆಂದು ಖಾತರಿ ಕೊಡಲಾರೆನೆಂದು ಪ್ರಮಾಣಮಾಡಿ ಒಪ್ಪಿಕೊಂಡರು.

ಇದು ದೂರದ ಮಾತಾಯಿತು ಎನ್ನುವಷ್ಟರಲ್ಲಿ, ಮರುತಿಂಗಳೇ ಸಂಗತಿ ಗುಜರಾತಿನ ಕಡಲತಡಿಗೆ ಬಂತು. ವಾಡಿನಾರ್‌ನಲ್ಲಿ ತೈಲ ಶುದ್ಧಿ ಮಾಡುವ ನಯಾರಾ ಎನರ್ಜಿ ಎಂಬ ಸಂಸ್ಥೆಯಲ್ಲಿ ರಷ್ಯದ ರಾಸ್‌ನೆಫ್ಟ್ ದೊಡ್ಡ ಪಾಲುದಾರ. ಆ ಕಾರಣದಿಂದ ಐರೋಪ್ಯ ಒಕ್ಕೂಟ ೨೦೨೫ರ ಜುಲೈ ೧೮ರಂದು ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಯನ್ನು ನಿಲ್ಲಿಸಿಬಿಟ್ಟಿತು. ಭಾರತದ ಕಾನೂನಿನಂತೆ ನಡೆಯುತ್ತಿದ್ದ, ಹಣ ಕಟ್ಟಿದ್ದ ಗಿರಾಕಿ. ಬೆಳಗಾಗೆದ್ದು ನೋಡಿದರೆ ಸ್ವಂತ ಪತ್ರಗಳೇ ಕೈಗೆ ಸಿಕ್ಕುವುದಿಲ್ಲ! ಸಂಸ್ಥೆ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ತಿಂಗಳು ಮುಗಿಯುವುದರೊಳಗೆ ಸೇವೆ ಮರಳಿತು. ಅಂದು ತಡೆಯಾದದ್ದು ದತ್ತಾಂಶ ಯಾವ ದೇಶದಲ್ಲಿದೆ ಎಂಬ ಕಾರಣಕ್ಕಲ್ಲ. ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತಹ ಹತ್ತು ಸುತ್ತೋಲೆಗಳಿದ್ದರೂ ಆ ಬೀಗವನ್ನು ಅವು ತೆರೆಯುತ್ತಿರಲಿಲ್ಲ. ಸರಕಾರಕ್ಕೆ ಮೇಘರಾಜ್ ಎಂಬ ಹೆಸರಿನ ಸ್ವಂತ ಕ್ಲೌಡ್ ಯೋಜನೆ ೨೦೧೪ರ ಸುಮಾರಿನಿಂದಲೂ ಇದೆ. ಆದರೆ ಖಾಸಗಿ ಕಾರ್ಖಾನೆಗೆ ಅದು ಆಸರೆಯಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ಮನೆಯಲ್ಲಿ, ನಮ್ಮದೇ ಬೀಗ ಹಾಕಿ ಇಟ್ಟರೆ ಕ್ಷೇಮವೇ? ದಕ್ಷಿಣ ಕೊರಿಯದವರು ಇಟ್ಟಿದ್ದರು. ೨೦೨೫ರ ಸೆಪ್ಟೆಂಬರ್ ೨೬ರಂದು ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಬಿತ್ತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ೮೫೮ ಟೆರಾಬೈಟಿನ ಭಂಡಾರ ಬೂದಿಯಾಯಿತು. ಅದು ತೀರ ದೊಡ್ಡದಾಗಿದ್ದುದರಿಂದ ಬೇರೆಡೆ ಪ್ರತಿ ಮಾಡಿಟ್ಟಿರಲಿಲ್ಲವಂತೆ. ದತ್ತಾಂಶ ದೇಶದೊಳಗೇ ಇತ್ತು, ಬೀಗದ ಕೈಯೂ ಸರಕಾರದ ಬಳಿಯೇ ಇತ್ತು. ಇದಕ್ಕೆ ವಿರುದ್ಧವಾದ ಬುದ್ಧಿ ಎಸ್ಟೋನಿಯದ್ದು. ೨೦೦೭ರಲ್ಲಿ ತನ್ನ ಗಣಕಜಾಲದ ಮೇಲೆ ಆಕ್ರಮಣವನ್ನು ಕಂಡಿದ್ದ ಆ ಪುಟ್ಟ ದೇಶ, ೨೦೧೭ರಲ್ಲಿ ಲಕ್ಸೆಂಬರ್ಗಿನೊಡನೆ ಒಪ್ಪಂದ ಮಾಡಿಕೊಂಡು ತನ್ನ ಮುಖ್ಯ ದಾಖಲೆಗಳ ಪ್ರತಿಯನ್ನು ಅಲ್ಲಿ ಇರಿಸಿತು. ಆ ಕೋಣೆಗೆ ರಾಯಭಾರ ಕಚೇರಿಗಿರುವಂತಹ ರಕ್ಷಣೆ. ಲಕ್ಸೆಂಬರ್ಗಿನ ಅಧಿಕಾರಿಯೂ ಅಪ್ಪಣೆಯಿಲ್ಲದೆ ಒಳಹೋಗುವಂತಿಲ್ಲ. ನೆಲ ಪರರದು, ಆಳ್ವಿಕೆ ತಮ್ಮದು. ಯುಕ್ರೇನಿನ ಸಂಸತ್ತು ಸರಕಾರಿ ದತ್ತಾಂಶವನ್ನು ಹೊರದೇಶದ ಕ್ಲೌಡಿಗೆ ಸಾಗಿಸಲು ದಾರಿ ಮಾಡಿಕೊಟ್ಟದ್ದು ೨೦೨೨ರ ಫೆಬ್ರವರಿ ೧೭ರಂದು. ಯುದ್ಧ ಆರಂಭವಾದದ್ದು ಒಂದು ವಾರದ ಮೇಲೆ.

ಇದನ್ನೆಲ್ಲ ಇಷ್ಟು ಆಸ್ಥೆಯಿಂದ ತಿಳಿದುಕೊಳ್ಳಲು ಕಾರಣ ನಮ್ಮದೇ ವಿಭಾಗದ ಒಂದು ನಷ್ಟ. ಕೆಲವು ವರ್ಷಗಳ ಹಿಂದೆ ನಾವೂ ವಿದ್ಯಾರ್ಥಿಗಳೂ ಹಳ್ಳಿಗಳಲ್ಲಿ ತಿರುಗಿ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದೆವು. ಕಾಲೇಜಿಗೆ ಬೀರು ಕೊಳ್ಳಲು ಹಣವಿರಲಿಲ್ಲ. ವಿದ್ಯಾಸಂಸ್ಥೆಗಳಿಗೆ ಬೇಕಾದಷ್ಟು ಜಾಗ ಧರ್ಮಾರ್ಥವೆಂದು ಒಂದು ಸಂಸ್ಥೆ ಹೇಳಿತ್ತು. ಎಲ್ಲವನ್ನೂ ಅಲ್ಲಿಗೆ ಏರಿಸಿದೆವು. ಆಮೇಲೆ ಒಂದು ದಿನ, ಜಾಗಕ್ಕೆ ಮಿತಿ ಹಾಕಲಾಗಿದೆ, ಹೆಚ್ಚಿನದನ್ನು ತೆಗೆದುಕೊಳ್ಳಿರೆಂದು ಪತ್ರ ಬಂತು. ಪರೀಕ್ಷೆಯ ಕಾಲ. ನಾವು ಅವಸರದಲ್ಲಿ ಇಳಿಸಿಕೊಂಡುದರಲ್ಲಿ ಏಳು ಹಾಡುಗಳು ತೆರೆಯಲಿಲ್ಲ. ಮತ್ತೆ ಹೋಗಿ ಹಾಡಿಸಿಕೊಂಡು ಬರೋಣವೆಂದರೆ, ಅವುಗಳಲ್ಲಿ ನಾಲ್ಕನ್ನು ಹಾಡಿದ್ದ ಅಜ್ಜಿ ಹಿಂದಿನ ಸಂಕ್ರಾಂತಿಗೇ ತೀರಿಕೊಂಡಿದ್ದರು. ಅವರ ಮಗಳು, "ಅವ್ವನ ದನಿ ನಿಮ್ಮ ಹತ್ರ ಐತಲ್ಲ ಸ್ವಾಮಿ, ಒಂದ್ಸಲ ಕೇಳಿಸ್ರಿ" ಎಂದು ಕೇಳಿದರು. ಸಂಸ್ಥೆಯ ಮೇಲೆ ತಪ್ಪು ಹೊರಿಸಲಾರೆ. ಪುಕ್ಕಟೆಯ ಜಾಗಕ್ಕೆ ಕರಾರು ಕೇಳದವರು ನಾವು, ಎರಡನೆಯ ಪ್ರತಿಯನ್ನು ಇಡದವರೂ ನಾವು.

೨೦೨೩ರ ಕಾಯಿದೆಗೆ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ವಿಧಿಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ದೊಡ್ಡ ಸಂಸ್ಥೆಗಳ ಬಳಿಯಿರುವ ಯಾವ ಬಗೆಯ ದತ್ತಾಂಶ ದೇಶ ಬಿಡಕೂಡದೆಂಬುದನ್ನು ಸಮಿತಿಯೊಂದರ ಸಲಹೆಯ ಮೇಲೆ ಸರಕಾರ ಹೆಸರಿಸಬಹುದಾಗಿದೆ. ಆ ಪಟ್ಟಿಯಲ್ಲಿ ಬ್ಯಾಂಕು, ಆಸ್ಪತ್ರೆಗಳ ಹೆಸರು ಬರಬಹುದು. ಸೋಬಾನೆ ಪದ ಬರುವುದಿಲ್ಲ.

ಉಳಿದ ಹಾಡುಗಳನ್ನು ಈಗ ಮೂರು ಕಡೆ ಇಟ್ಟಿದ್ದೇವೆ. ಒಂದು ಪ್ರತಿ ಹಣ ಕೊಟ್ಟು ಕೊಂಡ ಕ್ಲೌಡಿನ ಜಾಗದಲ್ಲಿ; ಕರಾರನ್ನು ಈ ಸಲ ಓದಿ ಸಹಿ ಮಾಡಿದೆವು. ಇನ್ನೊಂದು ವಿಭಾಗದ ಬೀರುವಿನಲ್ಲಿ. ಅದರ ಕೈ ಗುಮಾಸ್ತರ ಬಳಿಯಿದೆ, ಅವರು ರಜೆ ಹಾಕಿದ ದಿನ ಸಿಕ್ಕುವುದಿಲ್ಲ. ಮೂರನೆಯದು ಧಾರವಾಡದ ಸ್ನೇಹಿತರೊಬ್ಬರ ಮನೆಯಲ್ಲಿ, ರೇಷ್ಮೆ ಸೀರೆಗಳಿಡುವ ಟ್ರಂಕಿನ ತಳದಲ್ಲಿದೆ. ಆ ಸಣ್ಣ ಕಪ್ಪು ಪೆಟ್ಟಿಗೆ ಏನೆಂಬುದನ್ನು ಸ್ನೇಹಿತರು ತಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲವಂತೆ.